ಎದೆ ಒತ್ತುವ ಪಾಠವನ್ನು ಮೊಬೈಲಿನಲ್ಲಿ ಕಲಿಯಬಹುದೇ?

ಹಾಸನ ಎಂದರೆ ಹೊರಗಿನವರಿಗೆ ಮೊದಲೆಲ್ಲ ನೆನಪಾಗುತ್ತಿದ್ದದ್ದು ಬೇಲೂರು, ಹಳೇಬೀಡು, ಆಲೂಗೆಡ್ಡೆ ಮತ್ತು ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆ. 2025ರ ಜೂನ್ ತಿಂಗಳಲ್ಲಿ ಮಾತು ಬದಲಾಯಿತು. ಬೆಂಗಳೂರಿನ ನೆಂಟರು ಫೋನ್ ಮಾಡಿದರೆ "ಮಳೆ ಹೆಂಗಿದೆ?" ಎಂದು ಕೇಳುವುದನ್ನು ಬಿಟ್ಟು "ಏನ್ರೀ ಅದು, ನಿಮ್ಮೂರಲ್ಲಿ ಬರೀ ಹಾರ್ಟ್ ಅಟ್ಯಾಕು?" ಎನ್ನತೊಡಗಿದರು. ಸುಮಾರು 40 ದಿನಗಳಲ್ಲಿ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಜನ ಹಠಾತ್ತನೆ ತೀರಿಕೊಂಡರೆಂಬ ಸುದ್ದಿ ದಿನವೂ ಪತ್ರಿಕೆಯ ಮೊದಲ ಪುಟದಲ್ಲಿ. ಅವರಲ್ಲಿ ಇಪ್ಪತ್ತರ ಆಸುಪಾಸಿನ ಮಕ್ಕಳೂ ಇದ್ದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವವೇ ಜನ ಸಾಲು ನಿಂತರು. ನಮ್ಮ ವಾಕಿಂಗ್ ಗುಂಪಿನಲ್ಲಿ ಹತ್ತು ಹೆಜ್ಜೆಗೊಮ್ಮೆ ನಾಡಿ ಹಿಡಿದು ನೋಡಿಕೊಳ್ಳುವವರು ಹುಟ್ಟಿಕೊಂಡರು.

ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು. ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ 4 ಸಾವಿಗೆ ಹೃದಯ ಕಾರಣವೇ ಆಗಿರಲಿಲ್ಲ. ಉಳಿದ 20 ಹೃದಯಕ್ಕೆ ಸಂಬಂಧಿಸಿದವು. ಆದರೆ ಹಿಂದಿನ ದಿನಗಳಿಗೆ ಹೋಲಿಸಿದರೆ ಜಿಲ್ಲೆಯಲ್ಲಿ ಹೃದಯದ ಸಾವು ಏಕಾಏಕಿ ಏರಿಲ್ಲ ಎಂಬುದು ಸಮಿತಿಯ ಅಭಿಪ್ರಾಯ. ತೀರಿಕೊಂಡವರಲ್ಲಿ ಆಟೋ, ಕಾರು ಓಡಿಸುವವರು ಗಮನಿಸುವಷ್ಟು ಸಂಖ್ಯೆಯಲ್ಲಿದ್ದರು ಎಂದೂ ಹೇಳಿತು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳಲ್ಲಿ ಮರಣೋತ್ತರ ಪರೀಕ್ಷೆ, ಶಾಲಾ ಮಕ್ಕಳಿಗೆ ಹೃದಯ ತಪಾಸಣೆ, ಬಸ್ ನಿಲ್ದಾಣದಂಥ ಜಾಗಗಳಲ್ಲಿ ಎಇಡಿ ಯಂತ್ರ, ಜನರಿಗೆ ಸಿಪಿಆರ್ ತರಬೇತಿ - ಹೀಗೆ ಸರ್ಕಾರ ಹಲವು ಕ್ರಮಗಳನ್ನು ಪ್ರಕಟಿಸಿತು.

ಇದನ್ನೆಲ್ಲ ನಾನು ಗಟ್ಟಿಯಾಗಿ ಓದುತ್ತಿದ್ದಾಗ ಒಂಬತ್ತನೇ ತರಗತಿಯ ಮೊಮ್ಮಗಳು ಒಂದೇ ಪ್ರಶ್ನೆ ಕೇಳಿದಳು: "ಅದೆಲ್ಲ ಸರಿ ತಾತ, ನಿಂಗೆ ಹಂಗಾದ್ರೆ ನಾನೇನು ಮಾಡ್ಬೇಕು?"

ಅಡುಗೆಮನೆಯಿಂದ ಅವಳ ಅಜ್ಜಿ "ಬಿಡ್ತು ಅನ್ನೇ" ಎಂದು ಗದರಿದಳು. ನನಗೆ ಮಾತ್ರ ಆ ಪ್ರಶ್ನೆ ಇಡೀ ವರದಿಗಿಂತ ದೊಡ್ಡದಾಗಿ ಕಂಡಿತು. ಮಧ್ಯಾಹ್ನದ ಹೊತ್ತು ಎಷ್ಟೋ ಮನೆಗಳಲ್ಲಿ ಇರುವವರು ಇಬ್ಬರೇ - ಒಬ್ಬ ಮುದುಕ ಅಥವಾ ಮುದುಕಿ, ಜೊತೆಗೆ ರಜೆಯಲ್ಲಿರುವ ಒಂದು ಮಗು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಅರಕಲಗೂಡಿನ ಕಡೆಯ ರೈತರಿಗೆ ಪಂಪ್‌ಸೆಟ್ ಹೋಲಿಕೆ ಕೊಟ್ಟರೆ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಪೈಪಿನಲ್ಲಿ ಕಸ ಕಟ್ಟಿಕೊಂಡು ಮೋಟಾರು ಒದ್ದಾಡುತ್ತಾ ಓಡುತ್ತಿದೆಯಲ್ಲ, ಅದು ಹೃದಯಾಘಾತ. ಆಗ ಮನುಷ್ಯನಿಗೆ ಎಚ್ಚರ ಇರುತ್ತದೆ, ಎದೆ ನೋವು ಎನ್ನುತ್ತಾನೆ, ಬೆವರುತ್ತಾನೆ. ಅವನನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ತೆಗೆಸಬೇಕು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಹೇಳುವ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಮೋಟಾರಿನ ಕರೆಂಟೇ ಕೆಟ್ಟು ಅದು ಗಕ್ಕನೆ ನಿಂತರೆ ಅದು ಹೃದಯ ಸ್ತಂಭನ. ಮನುಷ್ಯ ಕುಸಿದು ಬೀಳುತ್ತಾನೆ, ಕರೆದರೆ ಓಗೊಡುವುದಿಲ್ಲ, ಸರಿಯಾಗಿ ಉಸಿರಾಡುವುದಿಲ್ಲ. ಮೊದಲನೆಯದು ಕೆಲವೊಮ್ಮೆ ಎರಡನೆಯದಕ್ಕೆ ತಿರುಗುತ್ತದೆ. ಎದೆ ಒತ್ತುವ ಕೆಲಸ, ಅಂದರೆ ಸಿಪಿಆರ್, ಬೇಕಾಗುವುದು ಈ ಎರಡನೆಯದರಲ್ಲಿ.

ಇನ್ನು ಲೆಕ್ಕಕ್ಕೆ ಬರೋಣ. ಲೆಕ್ಕ ನನ್ನ ಜೀವಮಾನದ ಕಸುಬು. ಹೃದಯ ನಿಂತ ಮೇಲೆ ಯಾರೂ ಏನೂ ಮಾಡದೆ ನಿಂತರೆ, ಬದುಕುವ ಅವಕಾಶ ಒಂದೊಂದು ನಿಮಿಷಕ್ಕೂ ನೂರಕ್ಕೆ 7ರಿಂದ 10ರಷ್ಟು ಕರಗುತ್ತದೆ. ಯಾವ ಲೇವಾದೇವಿಗಾರನೂ ಇಂಥ ಬಡ್ಡಿ ಹಾಕಲಾರ. 10 ನಿಮಿಷ ಕಳೆದರೆ ಅಸಲೇ ಉಳಿಯುವುದಿಲ್ಲ. ಯಾರಾದರೂ ಎದೆ ಒತ್ತುತ್ತಿದ್ದರೆ ಈ ಕರಗುವಿಕೆ ನಿಮಿಷಕ್ಕೆ 3-4ಕ್ಕೆ ಇಳಿಯುತ್ತದೆ. ಈಗ ನಮ್ಮ ಜಿಲ್ಲೆಯ ನಕ್ಷೆ ಬಿಡಿಸಿ ನೋಡಿ. ಹಾಸನದಿಂದ ಹೊಳೆನರಸೀಪುರ, ಅರಕಲಗೂಡು ಸುಮಾರು 30 ಕಿಲೋಮೀಟರ್, ಚನ್ನರಾಯಪಟ್ಟಣ 40ರ ಹತ್ತಿರ. ತಾಲ್ಲೂಕು ಕೇಂದ್ರಗಳಲ್ಲಿ ಆಸ್ಪತ್ರೆ ಇದೆ, ನಿಜ. ಕೊಣನೂರು, ಹಳ್ಳಿಮೈಸೂರು, ನುಗ್ಗೇಹಳ್ಳಿ ಆಚೆಯ ಒಂದು ತೋಟದ ಮನೆಗೆ 108 ವಾಹನ ಎಷ್ಟೇ ಜೋರಾಗಿ ಬಂದರೂ 15-20 ನಿಮಿಷ ಎಂದಿಟ್ಟುಕೊಳ್ಳಿ. ಆ ನಡುವಿನ ಹೊತ್ತು ಯಾರ ಕೈಯಲ್ಲಿದೆ? ಪಕ್ಕದಲ್ಲಿ ಇರುವವರ ಕೈಯಲ್ಲಿ. ಆ ಪಕ್ಕದಲ್ಲಿರುವವರು ಶಾಲೆಯ ಹುಡುಗ, ಹುಡುಗಿಯಾಗಿದ್ದರೆ?

ಮಕ್ಕಳ ಕೈಯಲ್ಲಿ ಇದು ಆಗುತ್ತದೆಯೇ ಎಂದು ಅನುಮಾನ ಪಡುವವರಿಗೆ ಉತ್ತರ ಸಿಕ್ಕಿದೆ. ಬ್ರಿಟನ್ನಿನಲ್ಲಿ 9ರಿಂದ 14 ವರ್ಷದ ಮಕ್ಕಳನ್ನು ಪರೀಕ್ಷಿಸಿ ನೋಡಿದಾಗ, 13-14ರ ಮಕ್ಕಳು ದೊಡ್ಡವರಷ್ಟೇ ಚೆನ್ನಾಗಿ ಒತ್ತಿದರು. ಅದಕ್ಕಿಂತ ಚಿಕ್ಕವರಿಗೆ ಮೈಭಾರ ಸಾಲದೆ ಆಳ ಕಡಿಮೆಯಾಯಿತು. ಆದರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು, ಪಕ್ಕದಲ್ಲಿದ್ದ ದೊಡ್ಡವರಿಗೆ ಹೇಳಿಕೊಡಬಲ್ಲವರಾಗಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅನುಮೋದಿಸಿದ ಒಂದು ಹೇಳಿಕೆ ಇದೆ: 12 ವರ್ಷದಿಂದ ಮೇಲಿನ ಎಲ್ಲ ಶಾಲಾ ಮಕ್ಕಳಿಗೆ ವರ್ಷಕ್ಕೆ 2 ಗಂಟೆ ಈ ಪಾಠ. ವರ್ಷಕ್ಕೆ ಎರಡೇ ಗಂಟೆ! ನಾವು ಶಾಲಾ ವಾರ್ಷಿಕೋತ್ಸವದಲ್ಲಿ ಅತಿಥಿಗಳಿಗೆ ಹಾರ ಹಾಕುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಕಳೆಯುತ್ತೇವೆ.

ಡೆನ್ಮಾರ್ಕ್ ಎಂಬ ಪುಟ್ಟ ದೇಶ 2005ರಲ್ಲಿ ಶಾಲೆಗಳಲ್ಲಿ ಇದನ್ನು ಕಡ್ಡಾಯ ಮಾಡಿತು. ವಾಹನ ಲೈಸೆನ್ಸ್ ಬೇಕಾದವರೂ ಕಲಿಯಲೇಬೇಕು ಎಂದಿತು. 2001ರಲ್ಲಿ ಅಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತ 100 ಜನರಲ್ಲಿ 21 ಮಂದಿಗೆ ಮಾತ್ರ ಪಕ್ಕದಲ್ಲಿದ್ದವರು ಎದೆ ಒತ್ತಿದ್ದರು. 2010ರ ಹೊತ್ತಿಗೆ ಅದು 45 ಆಯಿತು. ತಿಂಗಳ ನಂತರವೂ ಬದುಕಿದ್ದವರ ಪ್ರಮಾಣ ಶೇ 3.5ರಿಂದ 10.8ಕ್ಕೆ ಏರಿತು. ಆಂಬುಲೆನ್ಸ್, ಆಸ್ಪತ್ರೆ ಎಲ್ಲವೂ ಆ ಅವಧಿಯಲ್ಲಿ ಸುಧಾರಿಸಿದ್ದರಿಂದ ಪೂರ್ತಿ ಕೀರ್ತಿ ಶಾಲೆಗೇ ಸೇರಬೇಕು ಎನ್ನಲಾಗದು. ಆದರೂ ಮೂರು ಪಟ್ಟು ಎಂದರೆ ಸಣ್ಣ ಮಾತಲ್ಲ. ನೂರಕ್ಕೆ ಹತ್ತು ಜನ ಮಾತ್ರವೇ ಎಂದು ಮೂಗು ಮುರಿಯುವವರಿಗೆ ಒಂದು ಮಾತು: ಆ ಹತ್ತರಲ್ಲಿ ಒಬ್ಬರು ನಿಮ್ಮ ಮನೆಯವರಾಗಿದ್ದರೆ?

ಮಕ್ಕಳೇ, ಈಗ ಒಂದು ಗೊಂಬೆಯ ಕತೆ ಕೇಳಿ. ಎದೆ ಒತ್ತುವ ವಿಧಾನವನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮೂವರು 1960ರಲ್ಲಿ ಪ್ರಕಟಿಸಿದರು. ಕಲಿಸುವುದು ಹೇಗೆ? ಬದುಕಿರುವವರ ಎದೆಯ ಮೇಲೆ ಅಭ್ಯಾಸ ಮಾಡುವಂತಿಲ್ಲ. ಪಕ್ಕೆಲುಬು ಮುರಿದೀತು, ಇನ್ನೂ ಏನಾದರೂ ಆದೀತು. (ಇದನ್ನು ನೀವೂ ನೆನಪಿಡಿ, ತಮ್ಮ-ತಂಗಿಯರ ಎದೆ ಒತ್ತಿ ಪರೀಕ್ಷೆ ಮಾಡಬೇಡಿ!) ಆಗ ನಾರ್ವೆ ದೇಶದ ಸ್ಟಾವಂಗರ್ ಎಂಬ ಊರಿನಲ್ಲಿ ಆಸ್ಮಂಡ್ ಲೇರ್ಡಾಲ್ ಎಂಬ ಆಟಿಕೆ ತಯಾರಕ ಇದ್ದ. ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಗೊಂಬೆ, ಪುಟ್ಟ ಕಾರು ಮಾಡುತ್ತಿದ್ದವನು. ಅವನ ಎರಡು ವರ್ಷದ ಮಗ ಒಮ್ಮೆ ನೀರಿಗೆ ಬಿದ್ದಾಗ ತಾನೇ ಎತ್ತಿ ಉಳಿಸಿಕೊಂಡಿದ್ದ. ವೈದ್ಯರು ಅವನ ಬಳಿ ಬಂದು ಮನುಷ್ಯನಷ್ಟು ದೊಡ್ಡ ಗೊಂಬೆ ಮಾಡಿಕೊಡಲು ಕೇಳಿದರು. ಮುಖ ಯಾರದಿರಬೇಕು? ನೋಡಿದರೆ ಭಯವಾಗಬಾರದು. ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಮುಳುಗಿ ಸತ್ತಳೆಂದು ಹೇಳಲಾಗುವ, ಹೆಸರೇ ಗೊತ್ತಿಲ್ಲದ ಒಬ್ಬ ಹುಡುಗಿಯ ಮುಖದ ಅಚ್ಚು ಹಿಂದೆ ಯೂರೋಪಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಅಲಂಕಾರಕ್ಕೆ ತೂಗುತ್ತಿತ್ತು. ಶಾಂತವಾದ, ಸ್ವಲ್ಪ ನಕ್ಕಂತಿರುವ ಮುಖ. ಲೇರ್ಡಾಲ್ ಅದನ್ನೇ ಆರಿಸಿದ. ಹಾಗೆ 1960ರಲ್ಲಿ 'ರೆಸಸಿ ಆ್ಯನ್' ಹುಟ್ಟಿದಳು. ಮರುವರ್ಷವೇ ನಾರ್ವೆಯ ಶಾಲೆಗಳಲ್ಲಿ ಪಾಠ ಶುರುವಾಯಿತು. ನಮ್ಮ ರಾಜ್ಯದಲ್ಲೂ ಗೊಂಬೆಗೆ ಹೆಸರಾದ ಊರಿದೆ. ಆದರೆ ಅದು ಚನ್ನಪಟ್ಟಣ, ನಮ್ಮ ಚನ್ನರಾಯಪಟ್ಟಣವಲ್ಲ. ಬಸ್ಸಿನ ಬೋರ್ಡು ಅರ್ಧ ಓದಿ ಹತ್ತಿದವರು ಈಗಲೂ ಇದ್ದಾರೆ.

ಗೊಂಬೆ ಒಳ್ಳೆಯದೇ, ಆದರೆ ಬೆಲೆ ಇದೆ, ಕಲಿಸಲು ಗೊತ್ತಿರುವವರು ಬೇಕು, 60 ಮಕ್ಕಳ ತರಗತಿಗೆ ಒಂದು ಗೊಂಬೆ ತಂದರೆ ಒಬ್ಬೊಬ್ಬರಿಗೂ ಒಂದು ನಿಮಿಷ ಸಿಗುವುದು ಕಷ್ಟ. ಇಲ್ಲಿಯೇ ಪರದೆಯ ಮೇಲಿನ ಅಣಕು ಪಾಠ, ಅಂದರೆ ಸಿಮ್ಯುಲೇಷನ್, ಕೈಹಿಡಿಯುವುದು.

ಈ ಉಪಾಯ ವಿಮಾನದವರಿಂದ ಬಂದದ್ದು. ಅಮೆರಿಕದಲ್ಲಿ ಎಡ್ವಿನ್ ಲಿಂಕ್ ಎಂಬಾತನ ತಂದೆಗೆ ಪಿಯಾನೊ, ಆರ್ಗನ್ ಮಾಡುವ ಕಾರ್ಖಾನೆ ಇತ್ತು. ನಮ್ಮ ಹಾರ್ಮೋನಿಯಂನಲ್ಲಿ ತಿದಿ ಇರುತ್ತದಲ್ಲ, ಅಂಥ ತಿದಿಗಳನ್ನೇ ಬಳಸಿ ಲಿಂಕ್ 1929ರ ಹೊತ್ತಿಗೆ ನೆಲದ ಮೇಲೆ ಕುಳಿತು ವಿಮಾನ ಓಡಿಸುವುದನ್ನು ಕಲಿಯುವ ಪೆಟ್ಟಿಗೆಯೊಂದನ್ನು ಕಟ್ಟಿದ. ಪೆಟ್ಟಿಗೆ ಓಲಾಡುತ್ತಿತ್ತು, ವಾಲುತ್ತಿತ್ತು. ಮೊದಮೊದಲು ಅದನ್ನು ಕೊಂಡವರು ಮನರಂಜನೆಯ ಪಾರ್ಕಿನವರು! 1934ರಲ್ಲಿ ಕೆಟ್ಟ ಹವೆಯಲ್ಲಿ ಅಂಚೆ ಹೊತ್ತು ಹಾರಿದ ಸೇನೆಯ ಪೈಲಟ್‌ಗಳು ಒಬ್ಬರ ಹಿಂದೊಬ್ಬರು ಸತ್ತರು. ಆಗ ಸೇನೆ ಆರು ಪೆಟ್ಟಿಗೆ ಖರೀದಿಸಿತು. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಪೈಲಟ್‌ಗಳು ಅದರಲ್ಲಿ ಕೂತು ಕಲಿತರು. ಸಾವು ಬಂದು ಬಾಗಿಲು ತಟ್ಟಿದ ಮೇಲೆಯೇ ಆಟಿಕೆ ಎಂದುಕೊಂಡದ್ದು ಪಾಠದ ಸಾಮಾನಾಯಿತು.

ಬ್ಯಾಂಕಿನಲ್ಲಿ ನಮಗೂ ಇಂಥದ್ದೊಂದು ಇತ್ತು. ಕಂಪ್ಯೂಟರು ಬಂದ ಹೊಸದರಲ್ಲಿ ತರಬೇತಿಗೆ ಸುಳ್ಳು ಶಾಖೆಯೊಂದನ್ನು ಮಾಡಿ ಕೊಡುತ್ತಿದ್ದರು. ಅದರಲ್ಲಿ ಸುಳ್ಳು ಗ್ರಾಹಕರು, ಸುಳ್ಳು ಖಾತೆಗಳು. ಹತ್ತು ಕೋಟಿ ಡೆಬಿಟ್ ಮಾಡಿದರೂ ಯಾರ ಮನೆಯೂ ಮುಳುಗುತ್ತಿರಲಿಲ್ಲ. ಮೂವತ್ತು ವರ್ಷ ಲೆಡ್ಜರ್ ಬರೆದು ಕೀಲಿಮಣೆ ಕಂಡರೆ ಕೈ ನಡುಗುತ್ತಿದ್ದ ಹಿರಿಯ ಗುಮಾಸ್ತರೊಬ್ಬರು ಆ ಸುಳ್ಳು ಶಾಖೆಯಲ್ಲಿ ನಾಲ್ಕು ದಿನ ಮನಸೋ ಇಚ್ಛೆ ತಪ್ಪು ಮಾಡಿ, ಐದನೇ ದಿನ ನಿಜವಾದ ಕೌಂಟರಿನಲ್ಲಿ ಸರಾಗವಾಗಿ ಕೂತರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಪ್ಪು ಮಾಡಲು ಒಂದು ಸುರಕ್ಷಿತ ಜಾಗ ಬೇಕು, ಅಷ್ಟೇ.

ಬ್ರಿಟನ್ನಿನ ರೆಸಸಿಟೇಷನ್ ಕೌನ್ಸಿಲ್ 2013ರಲ್ಲಿ 'ಲೈಫ್‌ಸೇವರ್' ಎಂಬ ಆಟದಂಥ ಸಿನಿಮಾ ಹೊರತಂದಿತು. ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ನಡೆಯುತ್ತದೆ. ಹಣ ಕೊಡಬೇಕಾಗಿಲ್ಲ. ಅದರಲ್ಲಿ ನಿಜವಾದ ನಟರು. ಒಬ್ಬರು ಕುಸಿದು ಬೀಳುತ್ತಾರೆ, ಪಕ್ಕದವರು ಗಾಬರಿಯಿಂದ ನಿಮ್ಮ ಮುಖ ನೋಡುತ್ತಾರೆ, ಚಿತ್ರ ತಡೆದು ನಿಲ್ಲುತ್ತದೆ: ಈಗ ಏನು ಮಾಡುತ್ತೀರಿ? ಗಡಿಯಾರ ಓಡುತ್ತಿರುತ್ತದೆ. ನಿಮ್ಮ ಉತ್ತರ ತಪ್ಪಿದರೆ ಅದರ ಫಲವೂ ತೆರೆಯ ಮೇಲೆ ಕಾಣುತ್ತದೆ. ಎದೆ ಒತ್ತುವ ಘಟ್ಟ ಬಂದಾಗ ಮೊಬೈಲನ್ನೇ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಬೇಕು. ಒಳಗಿನ ಚಲನೆ ಅಳೆಯುವ ಸಾಧನ ನಿಮ್ಮ ವೇಗ ಸರಿಯೋ ಇಲ್ಲವೋ ಎಂದು ಹೇಳುತ್ತದೆ. ಆಮೇಲೆ ಕಣ್ಣಿಗೆ ಕನ್ನಡಕದಂಥ ಪೆಟ್ಟಿಗೆ ಕಟ್ಟಿಕೊಂಡು ನೋಡುವ ವಿಆರ್ ರೂಪವೂ ಬಂತು. ಅದರಲ್ಲಿ ತಲೆ ತಿರುಗಿಸಿದ ಕಡೆಯೆಲ್ಲ ಆ ಜಾಗವೇ ಕಾಣುತ್ತದೆ.

ಮೊಮ್ಮಗಳು ಇದನ್ನು ಮೊಬೈಲಿನಲ್ಲಿ ಹಾಕಿಕೊಂಡು ಕೂತ ದಿನ ನಾನೂ ಪಕ್ಕದಲ್ಲಿ ಕನ್ನಡಕ ಏರಿಸಿ ಕೂತೆ. ಮೊದಲ ಸಲ ಅವಳ ಕೈ ನಿಜಕ್ಕೂ ನಡುಗಿತು. "ತಾತ, ಟೈಮ್ ಹೋಗ್ತಿದೆ, ಟೈಮ್ ಹೋಗ್ತಿದೆ!" ಎಂದು ಕೂಗಿದಳು. ಎರಡನೇ ಸಲ ಮಾತಿಲ್ಲ. ಮೂರನೇ ಸಲ ಅವಳೇ ನನಗೆ ಹೇಳಿಕೊಡತೊಡಗಿದಳು. ಈ ಗಾಬರಿಯ ಅಭ್ಯಾಸವೇ ಇದರ ದೊಡ್ಡ ಲಾಭ ಎಂದು ನನಗೆ ಅನ್ನಿಸಿತು. ಪುಸ್ತಕದಲ್ಲಿ ಎಲ್ಲ ಇದೆ, ಆದರೆ ಪುಸ್ತಕ ಓದುವಾಗ ಎದೆ ಹೊಡೆದುಕೊಳ್ಳುವುದಿಲ್ಲ. ಇನ್ನೊಂದು ಲಾಭ, ಮರೆವಿನದು. ಒಮ್ಮೆ ಕಲಿತ ಸಿಪಿಆರ್ ಕೆಲವೇ ತಿಂಗಳಲ್ಲಿ ಮಸುಕಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ತರಬೇತಿದಾರರನ್ನು ಮೂರು ತಿಂಗಳಿಗೊಮ್ಮೆ ಶಾಲೆಗೆ ಕರೆಸಲಾಗದು. ಮೊಬೈಲನ್ನು ಮತ್ತೆ ತೆರೆಯಬಹುದು.

ಆದರೆ ಒಂದು ಕೊಸರು ಇದೆ. ಮೊಬೈಲಿನಲ್ಲಿ ಕ್ರಿಕೆಟ್ ಆಡಿ ಸೆಂಚುರಿ ಹೊಡೆದ ಹುಡುಗನನ್ನು ಮೈದಾನಕ್ಕೆ ಇಳಿಸಿ ನೋಡಿ! ಈ ಲೈಫ್‌ಸೇವರ್ ಕಲಿತ ಶಾಲಾ ಮಕ್ಕಳನ್ನು ಪರೀಕ್ಷೆ ಮಾಡಿದಾಗಲೂ ಹಾಗೇ ಆಯಿತು. ಕ್ರಮ ಗೊತ್ತಿತ್ತು, ಧೈರ್ಯ ಇತ್ತು. ಆದರೆ ಪರದೆಯಲ್ಲಿ ಮಾತ್ರ ಕಲಿತವರು, ಶಿಕ್ಷಕರ ಎದುರು ಗೊಂಬೆಯ ಮೇಲೆ ಕಲಿತವರಷ್ಟು ಆಳವಾಗಿ ಒತ್ತಲಿಲ್ಲ. ಆಳ ಎಷ್ಟು? ದೊಡ್ಡವರ ಎದೆ 5ರಿಂದ 6 ಸೆಂಟಿಮೀಟರ್ ಕೆಳಗೆ ಹೋಗಬೇಕು. ಇದು ನಾವು ಊಹಿಸುವುದಕ್ಕಿಂತ ಬಹಳ. ಗಾಜಿನ ಪರದೆ ಬೆರಳಿಗೆ ಎದುರು ಒತ್ತು ಕೊಡುವುದಿಲ್ಲ, ತೋಳು ಸೋಲುವುದನ್ನು ಕಲಿಸುವುದಿಲ್ಲ. ಎರಡು ನಿಮಿಷ ಸರಿಯಾಗಿ ಒತ್ತಿದರೆ ಪೈಲ್ವಾನನಿಗೂ ಬೆವರು ಬರುತ್ತದೆ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕು ಎನ್ನುವುದು.

ಹಾಗಾಗಿ ಪರದೆಯ ಜೊತೆಗೆ ನೆಲ ಬೇಕು. ನಮ್ಮ ಮನೆಯಲ್ಲಿ ನಾವು ಮಾಡಿದ್ದು ಇಷ್ಟು. ಹಳೆಯ ಗಟ್ಟಿ ಹತ್ತಿಯ ದಿಂಬು ಒಂದನ್ನು ನೆಲದ ಮೇಲೆ ಇಟ್ಟೆವು. ಮಂಚದ ಮೇಲಲ್ಲ, ಹಾಸಿಗೆಯೇ ಕುಸಿದರೆ ಎದೆ ಒತ್ತಿದಂತಾಗುವುದಿಲ್ಲ. ಮಂಡಿಯೂರಿ, ಒಂದು ಅಂಗೈಯ ಬುಡವನ್ನು ನಡುವೆ ಇಟ್ಟು, ಅದರ ಮೇಲೆ ಇನ್ನೊಂದು ಕೈ, ಮೊಣಕೈ ಮಡಿಸದೆ, ಹೆಗಲು ನೇರ ಮೇಲೆ. ಒತ್ತಿದ ಮೇಲೆ ಪೂರ್ತಿ ಬಿಡಬೇಕು. ವೇಗ ನಿಮಿಷಕ್ಕೆ 100ರಿಂದ 120. ಇದಕ್ಕೊಂದು ಆಟ ಹೇಳುತ್ತೇನೆ ಮಕ್ಕಳೇ. ನಿಮಗೆ ಇಷ್ಟವಾದ ಹಾಡಿಗೆ ಚಪ್ಪಾಳೆ ಹಾಕಿ, ತಾತನ ಗಡಿಯಾರ ನೋಡಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಚಪ್ಪಾಳೆ ಬಿತ್ತು ಎಣಿಸಿ. 50ಕ್ಕಿಂತ ಕಡಿಮೆ ಬಂದರೆ ಆ ಹಾಡು ನಿಧಾನ, 60 ದಾಟಿದರೆ ಅವಸರ. ನಡುವೆ ಬಂದ ಹಾಡನ್ನು ಬರೆದಿಟ್ಟುಕೊಳ್ಳಿ. ನಮ್ಮ ಮನೆಯ ಪಟ್ಟಿಯಲ್ಲಿ ಈಗ ಎರಡು ಸಿನಿಮಾ ಹಾಡು, ಒಂದು ಕೋಲಾಟದ ಪದ ಇವೆ. ಮೂರನೆಯದನ್ನು ಸೇರಿಸಿದ್ದು ಅಜ್ಜಿ.

ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕೇ ಎಂಬ ಮುಜುಗರ ಬಹಳ ಜನರಿಗೆ ಇದೆ. ನಮ್ಮ ದೇಶದ ಅರಿವಳಿಕೆ ತಜ್ಞರು 2017ರಲ್ಲಿ ಸಾಮಾನ್ಯ ಜನರಿಗೆಂದು ರೂಪಿಸಿದ ಕ್ರಮದಲ್ಲಿ ದೊಡ್ಡವರಿಗೆ ಎದೆ ಒತ್ತುವುದು ಮಾತ್ರ ಸಾಕು. ಚಿಕ್ಕ ಮಕ್ಕಳಿಗೂ ನೀರಿನಲ್ಲಿ ಮುಳುಗಿದವರಿಗೂ ಉಸಿರು ಬೇಕಾಗುತ್ತದೆ. ಹೇಮಾವತಿ ನಾಲೆ ಹರಿಯುವ ಜಿಲ್ಲೆಯವರಾದ ನಾವು ಅದನ್ನು ತಿಳಿದವರಿಂದಲೇ ಕಲಿಯುವುದು ಒಳ್ಳೆಯದು. ಎಇಡಿ ಯಂತ್ರದ ಬಗ್ಗೆ ಭಯ ಬೇಡ. ಡಬ್ಬಿ ತೆರೆದರೆ ಅದೇ ಮಾತಾಡಿ ಎಲ್ಲಿ ಅಂಟಿಸಬೇಕು ಎಂದು ಹೇಳುತ್ತದೆ. ಹೃದಯದ ಲಯ ನೋಡಿ, ಬೇಡವಾದವರಿಗೆ ಶಾಕ್ ಕೊಡುವುದಿಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. ಆ ಬ್ರಿಟಿಷ್ ಸಿನಿಮಾದಲ್ಲಿ ಇಂಗ್ಲಿಷು ನನಗೆ ಅರ್ಧ ತಿಳಿಯಲಿಲ್ಲ. ಅವರ ತುರ್ತು ಸಂಖ್ಯೆ 999. ನಮ್ಮದು 108, ಇಲ್ಲವೇ 112. ಗಾಬರಿಯಲ್ಲಿ ಕೈ ಅಭ್ಯಾಸವಾದ ಸಂಖ್ಯೆಯನ್ನೇ ಒತ್ತುತ್ತದೆ. ಹಳ್ಳಿಯ ಮಗುವಿಗೆ ಅಭ್ಯಾಸವಾಗಬೇಕಾದ್ದು ಯಾವುದು? ನಮ್ಮೂರಿನ ಸಂಗತಿಗಳೇ ಬೇರೆ. ಇಲ್ಲಿ ಯಾರಾದರೂ ಕುಸಿದು ಬಿದ್ದರೆ ಮೊದಲು ನಡೆಯುವುದೇನು? ಒಬ್ಬರು ಬೀಗದ ಕೈ ಗೊಂಚಲು ತಂದು ಮುಷ್ಟಿಯಲ್ಲಿ ತುರುಕುತ್ತಾರೆ. ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ಮೂರನೆಯವರು ಬಾಯಿಗೆ ನೀರು ಬಿಡುತ್ತಾರೆ. ಉಳಿದವರು ಗಾಳಿಗೆ ಅಡ್ಡ ನಿಂತು "ಗಾಳಿ ಬಿಡ್ರಪ್ಪಾ" ಎನ್ನುತ್ತಾರೆ. ಎಲ್ಲ ಪ್ರೀತಿಯಿಂದಲೇ, ಅನುಮಾನವಿಲ್ಲ. ಆದರೆ ಎಚ್ಚರವಿಲ್ಲದವರ ಬಾಯಿಗೆ ಬಿಟ್ಟ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಕಬ್ಬಿಣದಿಂದ ಹೃದಯ ಓಡುವುದಿಲ್ಲ. ಎಲ್ಲಕ್ಕಿಂತ ಮೋಸ ಮಾಡುವುದು ಆ ಕೊನೆಯ ಏದುಸಿರು. ಹೃದಯ ನಿಂತವರು ಮೊದಲ ಕೆಲವು ನಿಮಿಷ ಗೊರ್ರ್ ಎಂದು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೆದುಕೊಳ್ಳುತ್ತಾರೆ. "ಉಸಿರಾಡ್ತಾ ಇದಾರೆ, ಮೂರ್ಛೆ ಅಷ್ಟೇ" ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಅದು ಉಸಿರಾಟವಲ್ಲ. ಒತ್ತಲು ಶುರು ಮಾಡಬೇಕಾದ ಹೊತ್ತು ಅದೇ.

ಇದನ್ನೆಲ್ಲ ಇಂಗ್ಲೆಂಡಿನವರು ನಮಗಾಗಿ ಸಿನಿಮಾ ಮಾಡುವುದಿಲ್ಲ. ನಾವೇ ಮಾಡಬೇಕು. ನಮ್ಮಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, 2006ರಿಂದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ನನಗೆ ಬೇಕಾದ ಆಟ ಹೀಗಿರುತ್ತದೆ. ಮೊದಲ ಘಟ್ಟ, ಹೊಳೆನರಸೀಪುರದ ಸಂತೆ. ತರಕಾರಿ ಮಾರುವವನು ಮೂಟೆಯ ಪಕ್ಕದಲ್ಲಿ ಬೀಳುತ್ತಾನೆ, ಬೀಗದ ಕೈ ಹಿಡಿದು ಒಬ್ಬರು ಬರುತ್ತಾರೆ. ಅವರನ್ನು ನೋಯಿಸದೆ ತಡೆಯುವ ಮಾತು ಯಾವುದು? ಎರಡನೆಯದು, ಶ್ರವಣಬೆಳಗೊಳದ ಬೆಟ್ಟ. 600ಕ್ಕೂ ಹೆಚ್ಚು ಮೆಟ್ಟಿಲು, ಅರ್ಧ ದಾರಿಯಲ್ಲಿ ಎದೆ ಹಿಡಿದು ಕೂತ ಯಾತ್ರಿಕ. ಅವರಿಗೆ ಎಚ್ಚರ ಇದೆ. ಇಲ್ಲಿ ಒತ್ತುವುದು ತಪ್ಪು, ನಡೆಸುವುದೂ ತಪ್ಪು. ಮೂರನೆಯದು, ಚನ್ನರಾಯಪಟ್ಟಣದ ಬಸ್ ನಿಲ್ದಾಣ. ಎಇಡಿ ಪೆಟ್ಟಿಗೆ ಗೋಡೆಯಲ್ಲಿದ್ದರೆ ಅದನ್ನು ಓಡಿ ತರುವವರು ಯಾರು, ಇಲ್ಲದಿದ್ದರೆ ಏನು? ನಾಲ್ಕನೆಯದು, ರಾಮನಾಥಪುರದ ಕಾವೇರಿ ದಡ. ಕೊನೆಯದು ಹಾಸನಾಂಬೆಯ ಸರತಿ ಸಾಲು. ಕಬ್ಬಿಣದ ಸರಳುಗಳ ನಡುವೆ ಬಿದ್ದವರನ್ನು ನೆಲಕ್ಕೆ ಚಪ್ಪಟೆಯಾಗಿ ಮಲಗಿಸಲು ಜಾಗ ಮಾಡಿಸುವುದೇ ಅಲ್ಲಿನ ಪರೀಕ್ಷೆ. ಮಾತುಗಳೆಲ್ಲ ನಮ್ಮ ಕನ್ನಡದಲ್ಲಿ. "ಅಣ್ಣಾ, ನೀವು, ನೀಲಿ ಅಂಗಿಯವರೇ, 108ಕ್ಕೆ ಫೋನ್ ಮಾಡಿ, ಸ್ಪೀಕರ್ ಹಾಕಿ" ಎಂದು ಬೆರಳು ತೋರಿಸಿ ಹೇಳುವುದನ್ನು ಮಗು ಅಲ್ಲೇ ಅಭ್ಯಾಸ ಮಾಡಬೇಕು. "ಯಾರಾದ್ರೂ ಫೋನ್ ಮಾಡಿ" ಎಂದರೆ ಯಾರೂ ಮಾಡುವುದಿಲ್ಲ. ಬ್ಯಾಂಕಿನಲ್ಲಿ "ಯಾರಾದ್ರೂ ಕಿಟಕಿ ಹಾಕ್ರಪ್ಪಾ" ಎಂದರೆ ಮಳೆ ನೀರು ಒಳಗೇ ಬರುತ್ತಿತ್ತು.

ಬಿದ್ದವರು ಹೆಂಗಸಾಗಿದ್ದರೆ? ಹುಡುಗರು ಮುಟ್ಟಲು ಹಿಂಜರಿಯುತ್ತಾರೆ. ಸುತ್ತ ನಿಂತವರು ಏನೆಂದುಕೊಳ್ಳುತ್ತಾರೋ ಎಂಬ ಭಯ. ಬೇರೆ ದೇಶಗಳಲ್ಲೂ ಸಾರ್ವಜನಿಕ ಜಾಗದಲ್ಲಿ ಬಿದ್ದ ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಸಿಪಿಆರ್ ಸಿಗುತ್ತದೆ ಎಂದು ಕಂಡುಬಂದಿದೆ. ಮೊಮ್ಮಗಳು ಇದಕ್ಕೆ ಸಿಡುಕಿದಳು: "ಅಜ್ಜಿ ಬಿದ್ರೆ ಪಕ್ಕದ ಮನೆ ಅಣ್ಣ ಸುಮ್ನೆ ನೋಡ್ತಾ ನಿಲ್ಬೇಕಾ?" ಪರದೆಯ ಮೇಲಿನ ಪಾಠದಲ್ಲಿ ಬಿದ್ದವರು ಸದಾ ಗಂಡಸೇ ಆಗಿದ್ದರೆ ಈ ಅಳುಕು ಹೋಗುವುದಿಲ್ಲ. ಪೊಲೀಸು, ಕೋರ್ಟು ಎಂದು ಹೆದರುವ ಹಿರಿಯರಿಗೆ ಒಂದು ಸಮಾಧಾನದ ಸಂಗತಿ: ನೆರವಿಗೆ ಬಂದವರನ್ನು ರಕ್ಷಿಸುವ ಕಾಯ್ದೆಯನ್ನು ಕರ್ನಾಟಕ 2016ರಲ್ಲೇ ಮಾಡಿತು, ಅದಕ್ಕೆ ರಾಷ್ಟ್ರಪತಿಗಳ ಒಪ್ಪಿಗೆ 2018ರಲ್ಲಿ ಸಿಕ್ಕಿತು.

ಮಕ್ಕಳಿಗೆ ಇಂಥ ಸಾವಿನ ಆಟ ಏಕೆ, ಮನಸ್ಸು ಕೆಡುವುದಿಲ್ಲವೇ ಎಂದು ನಮ್ಮ ಗುಂಪಿನ ಒಬ್ಬ ನಿವೃತ್ತ ಮೇಷ್ಟ್ರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಕಲಿತು ಒತ್ತಿದರೂ ಉಳಿಯದವರೇ ಹೆಚ್ಚು. ಮಗುವಿಗೆ ಅದನ್ನೂ ಮೊದಲೇ ಹೇಳಿಡಬೇಕು, "ನೀನು ಒತ್ತಿದ್ದರಿಂದ ಹೋಗಲಿಲ್ಲ, ಹೃದಯ ನಿಂತಿತ್ತು" ಎಂದು. ನಿಂತ ಹೃದಯವನ್ನು ಇನ್ನಷ್ಟು ಕೆಡಿಸಲು ಯಾವ ಮಗುವಿನ ಕೈಗೂ ಆಗುವುದಿಲ್ಲ. ಇನ್ನು ಮನಸ್ಸು ಕೆಡುವ ಮಾತು. 2025ರ ಆ ಜೂನ್ ತಿಂಗಳಿಡೀ ನಮ್ಮ ಮಕ್ಕಳು ಟಿವಿಯಲ್ಲಿ ಸಿಸಿಟಿವಿ ದೃಶ್ಯಗಳನ್ನು ನೋಡಿದರು. ಕುಳಿತಲ್ಲೇ ಕುಸಿಯುವವರು, ಸುತ್ತ ದಿಕ್ಕು ತೋಚದೆ ಓಡಾಡುವವರು, ಅದೇ ದೃಶ್ಯ ಮತ್ತೆ ಮತ್ತೆ. ಅದನ್ನು ನೋಡಬಹುದು, ಏನು ಮಾಡಬೇಕೆಂದು ಕಲಿಯಬಾರದು ಎಂದರೆ ಹೇಗೆ, ಮೇಷ್ಟ್ರೇ?

ಅವರು ನಕ್ಕು ಸುಮ್ಮನಾದರು. ಮುಂದಿನ ವಾರ ತಮ್ಮ ಮೊಮ್ಮಗನನ್ನು ಕರೆದುಕೊಂಡು ದಿಂಬಿನ ಪಾಠಕ್ಕೆ ಬಂದರು. ಅವನು ಆರನೇ ತರಗತಿ, ಸಣಕಲು ಹುಡುಗ. ಒತ್ತಲು ಭಾರ ಸಾಲಲಿಲ್ಲ. ಅವನಿಗೆ ಫೋನಿನ ಕೆಲಸ ಕೊಟ್ಟೆವು. 108ರವರಂತೆ ನಾನು ಕೇಳಿದೆ: "ಎಲ್ಲಿಂದ ಮಾತಾಡ್ತಿದೀಯಪ್ಪ?" ಹುಡುಗ ತಡವರಿಸಿದ. ಮನೆಯ ವಿಳಾಸ ಅವನಿಗೆ ಗೊತ್ತಿರಲಿಲ್ಲ. "ನೀರಿನ ಟ್ಯಾಂಕ್ ಹತ್ರ" ಎಂದ. ಹಾಸನದಲ್ಲಿ ನೀರಿನ ಟ್ಯಾಂಕ್ ಎಷ್ಟಿವೆಯೋ! ಹಳ್ಳಿಗಳಲ್ಲಂತೂ ಒಂದೇ ಹೆಸರಿನ ಊರು ಪಕ್ಕಪಕ್ಕದ ಎರಡು ತಾಲ್ಲೂಕುಗಳಲ್ಲಿ ಇರುವುದುಂಟು. ತಾಲ್ಲೂಕು, ಹೋಬಳಿ, ಊರು, ಹತ್ತಿರದ ದೇವಸ್ಥಾನ ಅಥವಾ ಶಾಲೆ, ಯಾವ ಕಡೆಯಿಂದ ಬಂದರೆ ರಸ್ತೆ ಚೆನ್ನಾಗಿದೆ - ಇಷ್ಟು ಹೇಳಬೇಕು. 108ರವರು ಹೇಳುವ ತನಕ ಫೋನ್ ಇಡಬಾರದು. ಇನ್ನೊಬ್ಬರನ್ನು ರಸ್ತೆಯ ತಿರುವಿಗೆ ಓಡಿಸಿ ಕೈ ಬೀಸಿ ನಿಲ್ಲಿಸಬೇಕು, ರಾತ್ರಿಯಾದರೆ ಟಾರ್ಚು ಕೊಟ್ಟು.

ಆ ಸಂಜೆ ಮಕ್ಕಳಿಬ್ಬರೂ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ವಿಳಾಸ ಬರೆದರು. ಮೇಲೆ 108, ಕೆಳಗೆ ಮನೆ ನಂಬರು, ಅಡ್ಡರಸ್ತೆ, ಬಡಾವಣೆ, ಹತ್ತಿರದ ಗಣಪತಿ ದೇವಸ್ಥಾನ. ಮೇಷ್ಟ್ರ ಮನೆಯದು ಈಗ ಅವರ ಫ್ರಿಜ್ಜಿನ ಬಾಗಿಲ ಮೇಲಿದೆ. ನಮ್ಮದು ಟಿವಿಯ ಪಕ್ಕದ ಗೋಡೆಯಲ್ಲಿ, ಮೊಮ್ಮಗಳ ಎತ್ತರಕ್ಕೆ.